ಸಾವಿರ ಕ್ಯೂಬಿಟ್ ಇದ್ದರೂ ಯಾಕೆ ಸಾಲದು?

ಪ್ರಶ್ನೆ: ಸಾವಿರಕ್ಕೂ ಜಾಸ್ತಿ ಕ್ಯೂಬಿಟ್ ಇರುವ ಕ್ವಾಂಟಂ ಕಂಪ್ಯೂಟರ್ ಚಿಪ್ ಬಂದಿದೆಯಂತೆ. ಹಾಗಾದರೆ ಈಗಿನ ಕಂಪ್ಯೂಟರುಗಳ ಕಾಲ ಮುಗಿಯಿತೇ? ನಮ್ಮ ಪಾಸ್‌ವರ್ಡ್‌ಗಳ ಗತಿ ಏನು ಸರ್?
– ಒಬ್ಬ ಕಾಲೇಜು ವಿದ್ಯಾರ್ಥಿ

ಉತ್ತರ: ಐಬಿಎಂನವರ ಕಾಂಡರ್ ಚಿಪ್ ಬಗ್ಗೆ ಓದಿರಬೇಕು. 2023ರಲ್ಲಿ ಬಂತು, 1,121 ಕ್ಯೂಬಿಟ್. ಕ್ಯೂಬಿಟ್ ಅಂದರೆ ಕ್ವಾಂಟಂ ಕಂಪ್ಯೂಟರಿನಲ್ಲಿ ಮಾಹಿತಿಯ ಅತಿ ಚಿಕ್ಕ ಘಟಕ, ಅಳೆದರೆ ಸೊನ್ನೆ ಇಲ್ಲವೇ ಒಂದು ಕೊಡುತ್ತದೆ. ಆದರೆ ಕ್ಯೂಬಿಟ್ ಎಣಿಸಿ ಖುಷಿಪಡುವುದನ್ನು ನಾನು ಬಿಟ್ಟು ಬಹಳ ದಿನವಾಯಿತು.

ಒಮ್ಮೆ ಇಂಟರ್ನೆಟ್ ಮೂಲಕ ಒಂದು ಕ್ವಾಂಟಂ ಯಂತ್ರದಲ್ಲಿ ನಾನೇ ಪುಟ್ಟ ಪ್ರೋಗ್ರಾಂ ಓಡಿಸಿದೆ. ಎರಡೇ ಎರಡು ಕ್ಯೂಬಿಟ್. ಒಂದಕ್ಕೊಂದು ಬೆಸೆದು ಅಳೆದರೆ ಸೊನ್ನೆ-ಸೊನ್ನೆ ಇಲ್ಲವೇ ಒಂದು-ಒಂದು ಬರಬೇಕು, ಬೇರೆ ಬರಬಾರದು. ಸಾವಿರ ಸಲ ಓಡಿಸಿದೆ. ನಡುನಡುವೆ ಸೊನ್ನೆ-ಒಂದು ಇಣುಕಿತು! ನನ್ನದೇ ತಪ್ಪಿರಬೇಕೆಂದು ಸಾಲು ಸಾಲು ಹುಡುಕಿದೆ. ಪ್ರೋಗ್ರಾಂ ಸರಿಯಾಗೇ ಇತ್ತು, ಯಂತ್ರವೇ ತಡವರಿಸಿತ್ತು.

ಕಷ್ಟ ಇರುವುದೇ ಇಲ್ಲಿ. ಲೆಕ್ಕದ ಒಂದು ಹೆಜ್ಜೆ ತಪ್ಪುವ ಸಾಧ್ಯತೆ ಸಾವಿರಕ್ಕೆ ಒಂದು ಅನ್ನಿ. ಒಳ್ಳೆಯ ಯಂತ್ರವೇ ಆಯಿತಲ್ವಾ? ಆದರೂ ಸಾವಿರ ಹೆಜ್ಜೆಯ ಲೆಕ್ಕ ಒಂದೂ ತಪ್ಪಿಲ್ಲದೆ ಮುಗಿಯುವುದು ನೂರಕ್ಕೆ ಸುಮಾರು 37 ಸಲ. ಐದು ಸಾವಿರ ಹೆಜ್ಜೆ ಇಟ್ಟರೆ ನೂರಕ್ಕೆ ಒಂದು ಸಲವೂ ಇಲ್ಲ. ನಮಗೆ ಬೇಕಾದ ಲೆಕ್ಕಗಳಿಗೆ ಕೋಟಿಗಟ್ಟಲೆ ಹೆಜ್ಜೆ ಬೇಕು.

ದಾರಿ ಇದೆ. ಹಲವು ಕ್ಯೂಬಿಟ್ ಸೇರಿಸಿ ಒಂದೇ ಗಟ್ಟಿ ಕ್ಯೂಬಿಟ್‌ನಂತೆ ಬಳಸುವುದು, ತಪ್ಪನ್ನು ಆಗಾಗ ಹಿಡಿದು ತಿದ್ದುವುದು. 2024ರಲ್ಲಿ ಗೂಗಲ್‌ನ ವಿಲೋ ಚಿಪ್ ಹೀಗೆ ಗುಂಪು ದೊಡ್ಡದಾದಷ್ಟೂ ತಪ್ಪು ಇಳಿಯುತ್ತದೆ ಎಂದು ತೋರಿಸಿತು. ನನಗೆ ಅದು ಸಾವಿರ ಕ್ಯೂಬಿಟ್‌ಗಿಂತ ದೊಡ್ಡ ಸುದ್ದಿ. ಆ ಚಿಪ್‌ನಲ್ಲಿ ಇದ್ದದ್ದು 105 ಕ್ಯೂಬಿಟ್ ಮಾತ್ರ.

ಇನ್ನು ಪಾಸ್‌ವರ್ಡ್. ಭಯ ಇರುವುದು ಅದಕ್ಕಲ್ಲ, ಇಂಟರ್ನೆಟ್‌ನಲ್ಲಿ ಮಾಹಿತಿ ಕಾಯುವ ಆರ್‌ಎಸ್‌ಎಯಂಥ ಗೂಢಲಿಪಿಯ ಬೀಗಗಳಿಗೆ. ಕ್ವಾಂಟಂ ಯಂತ್ರದಿಂದ ಅದನ್ನು ಒಡೆಯುವ ವಿಧಾನವನ್ನು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ಕೊಟ್ಟರು. 2048 ಬಿಟ್‌ನ ಬೀಗಕ್ಕೆ ಎರಡು ಕೋಟಿ ಕ್ಯೂಬಿಟ್ ಬೇಕೆಂದು 2019ರಲ್ಲಿ ಒಂದು ಅಂದಾಜು ಬಂತು. 2025ರಲ್ಲಿ ಅದು ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತು. ಯಂತ್ರ ಬೆಳೆಯುತ್ತಿದೆ, ಗುರಿಯೂ ಹತ್ತಿರ ಬರುತ್ತಿದೆ. ಇವತ್ತು ಕದ್ದಿಟ್ಟ ಮಾಹಿತಿಯನ್ನು ನಾಳೆ ಬಿಚ್ಚಬಹುದು ಎಂಬ ಅಂಜಿಕೆಯೂ ಇದೆ. ಅದಕ್ಕೇ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರಲ್ಲಿ ಹೊಸ ಬಗೆಯ ಬೀಗಗಳಿಗೆ ಮಾನದಂಡ ಹೊರಡಿಸಿತು.

ಈಗಿನ ಕಂಪ್ಯೂಟರ್ ಎಲ್ಲೂ ಹೋಗುವುದಿಲ್ಲ. ಪತ್ರ ಬರೆಯಲು, ವಿಡಿಯೋ ನೋಡಲು ಕ್ವಾಂಟಂ ಯಂತ್ರದಿಂದ ಏನೂ ಲಾಭವಿಲ್ಲ. ಮೊದಲ ಫಲ ಬಂದರೆ ಅಣುಗಳ ಲೆಕ್ಕದಲ್ಲಿ ಬರಬಹುದು ಎಂದು ನನ್ನ ಊಹೆ. ಎಲೆಕ್ಟ್ರಾನುಗಳೇ ಕ್ವಾಂಟಂ ನಿಯಮದಂತೆ ನಡೆಯುವಾಗ, ಅವನ್ನು ಅದೇ ಜಾತಿಯ ಯಂತ್ರಕ್ಕೆ ಒಪ್ಪಿಸುವುದು ಸರಿ ಅಲ್ವಾ?