ಲೀಮಾದಲ್ಲಿ ಮಧ್ಯಾಹ್ನದ ಊಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪೆರುವಿನ ಸಣ್ಣ ಹೋಟೆಲುಗಳ ಹೊರಗೆ ‘ಮೆನು’ ಎಂಬ ಬೋರ್ಡ್ ಇರುತ್ತದಂತೆ. ಅದನ್ನು ನೋಡಿ ಊಟ ಹೇಳುವುದು ಹೇಗೆ?

ಉತ್ತರ: ಅದು ನಿಗದಿತ ದರದ ಆ ದಿನದ ಊಟ. ‘ಎಂತ್ರಾದಾ’ ಸಾಲಿನಿಂದ ಸೂಪನ್ನೋ ಸಣ್ಣ ತಿನಿಸನ್ನೋ ಒಂದು, ‘ಸೆಗುಂದೊ’ ಸಾಲಿನಿಂದ ಮುಖ್ಯ ಖಾದ್ಯ ಒಂದು ಆರಿಸಿ. ಜೊತೆಗೆ ಕುಡಿಯಲು ‘ರೆಫ್ರೆಸ್ಕೊ’ ಬರುತ್ತದೆ. ಸಾಧಾರಣ ಬಡಾವಣೆಯಲ್ಲಿ ಸುಮಾರು 12ರಿಂದ 20 ಸೋಲ್ (ಪೆರುವಿನ ಹಣ). ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ಹೋಗಿ, ತಡವಾದರೆ ಒಳ್ಳೆಯದೆಲ್ಲ ಖಾಲಿ. ಪೂರ್ತಿ ಪಟ್ಟಿ ಬೇಕಿದ್ದರೆ ‘ಲಾ ಕಾರ್ತಾ’ ಎಂದು ಕೇಳಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಏನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ಆದರೆ ಬಿಡಿಸಿ ಹೇಳಬೇಕು. ಬರೀ ‘ಸಿನ್ ಕಾರ್ನೆ’ ಎಂದರೆ ದನದ ಮಾಂಸ ಬೇಡವೆಂದಷ್ಟೇ ತಿಳಿದು ಕೋಳಿ ಹಾಕಿ ತಂದುಬಿಡುತ್ತಾರೆ. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ವೇವೊ’ ಎನ್ನಿ: ಮಾಂಸ, ಕೋಳಿ, ಮೀನು, ಮೊಟ್ಟೆ ನಾಲ್ಕೂ ಬೇಡ. ತರಕಾರಿಯದೇ ಎಂದರೂ ಸೂಪನ್ನು ನಂಬಬೇಡಿ. ಅದರ ನೀರು ಸಾಮಾನ್ಯವಾಗಿ ಕೋಳಿ ಅಥವಾ ಮೂಳೆ ಬೇಯಿಸಿದ್ದು. ಬೇಯಿಸಿದ ಕಾಳಿಗೂ ಹಂದಿಯ ಕೊಬ್ಬು ಬೀಳುವುದುಂಟು.

ನಮ್ಮ ಮೊದಲ ಆಯ್ಕೆ ‘ಪಾಪಾ ಆ ಲಾ ವಾಂಕಾಯೀನಾ’. ಬೇಯಿಸಿದ ಆಲೂಗಡ್ಡೆ ಬಿಲ್ಲೆಗಳ ಮೇಲೆ ಹಳದಿ ಮೆಣಸಿನಕಾಯಿ, ಹಸಿ ಚೀಸ್, ಗಟ್ಟಿ ಹಾಲು, ಉಪ್ಪು ಬಿಸ್ಕತ್ತು ರುಬ್ಬಿದ ಸಾಸ್ ಸುರಿದಿರುತ್ತಾರೆ. ಮೇಲಿಡುವ ಮೊಟ್ಟೆಯನ್ನು ಬೇಡವೆಂದರೆ ಸಾಕು. ‘ಚೊಕ್ಲೊ ಕೊನ್ ಕೆಸೊ’ (ದಪ್ಪ ಕಾಳಿನ ಮುಸುಕಿನ ಜೋಳ, ಚೀಸ್) ಅದಕ್ಕಿಂತ ಸರಳ. ಬೆಣ್ಣೆಹಣ್ಣು ತುಂಬಿದ ‘ಕೌಸಾ’ (ಹಿಸುಕಿದ ಆಲೂಗಡ್ಡೆಯ ಪದರಗಳ ತಿನಿಸು) ನೋಡಲು ಶುದ್ಧ ಸಸ್ಯಾಹಾರ, ಆದರೆ ಪದರಗಳ ನಡುವೆ ಮೊಟ್ಟೆಯ ಮೇಯೊನೀಸ್ ಇರಬಹುದು. ತರಕಾರಿ ‘ಚೌಫಾ’ಗೂ (ಚೀನೀ ಶೈಲಿಯ ಹುರಿದ ಅನ್ನ) ಮೊಟ್ಟೆ ಹಾಕುವುದೇ ವಾಡಿಕೆ. ಎರಡರಲ್ಲೂ ಕೇಳದೆ ಚಮಚ ಹಾಕಬೇಡಿ.

ಪ್ರಶ್ನೆ: ಮನೆಯಲ್ಲಿ ಕೆಲವರು ಮೀನು ತಿನ್ನುತ್ತಾರೆ. ನಿಂಬೆಹುಳಿಯಲ್ಲಿ ನೆನೆಸಿದ ಮೀನಿನ ಖಾದ್ಯ ಸೆವಿಚೆ ಹಸಿಯೇ?

ಉತ್ತರ: ಬೆಂಕಿ ಕಂಡಿರುವುದಿಲ್ಲ. ನಿಂಬೆಯ ಹುಳಿಗೆ ಮೀನಿನ ಪ್ರೋಟೀನ್ ಬಿಗಿದು ಬಿಳಿಯಾಗುತ್ತದೆ, ಆದರೆ ಕುದಿಸಿದಂತೆ ರೋಗಾಣುಗಳು ಸಾಯುವುದಿಲ್ಲ. ಹಾಗಾಗಿ ಮೀನು ತಾಜಾ ಇರಲೇಬೇಕು. ಬೆಳಗಿನ ಮೀನನ್ನು ಮಧ್ಯಾಹ್ನವೇ ತಿನ್ನುವುದು ಅಲ್ಲಿನ ರೂಢಿ, ಬಹಳಷ್ಟು ಸೆವಿಚೆರಿಯಾಗಳು (ಸೆವಿಚೆ ಹೋಟೆಲುಗಳು) ಸಂಜೆಗೆ ಮುಂಚೆಯೇ ಮುಚ್ಚುತ್ತವೆ. ಜನ ತುಂಬಿದ ಕಡೆ ಕೂತು, ತಟ್ಟೆ ಬಂದ ಕೂಡಲೇ ತಿನ್ನಿ. ಹೆಚ್ಚು ಹೊತ್ತು ಹುಳಿಯಲ್ಲಿ ನೆನೆದರೆ ಮೀನು ರಬ್ಬರಾಗುತ್ತದೆ. ಗರ್ಭಿಣಿಯರು ಇದನ್ನು ಬಿಟ್ಟುಬಿಡಲಿ.

ಪ್ರಶ್ನೆ: ಖಾರ, ನೀರು, ಬಿಲ್ಲು?

ಉತ್ತರ: ಅಡುಗೆ ಸಾಮಾನ್ಯವಾಗಿ ಸಪ್ಪೆ, ಹೆಚ್ಚಿನ ಖಾರ ಪಕ್ಕದ ಬಟ್ಟಲಿನಲ್ಲಿ. ಕೆಂಪು ದಪ್ಪಮೆಣಸಿನಕಾಯಿಯಂತೆ ಕಂಡು ಕಪ್ಪು ಬೀಜವಿದ್ದರೆ ಅದು ರೊಕೊಟೊ, ಹುಷಾರು. ನಲ್ಲಿ ನೀರು ಬೇಡ. ‘ಚಿಚಾ ಮೊರಾದಾ’ ಎಂಬ ಪಾನೀಯ ನೇರಳೆ ಮುಸುಕಿನ ಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದೊಂದಿಗೆ ಕುದಿಸಿದ್ದು. ಅನುಮಾನವಿದ್ದರೆ ‘ಸಿನ್ ಯೆಲೊ’ ಎಂದು ಐಸ್ ಬೇಡವೆನ್ನಿ. ಬಿಲ್ಲು ತಾನಾಗಿ ಬರುವುದಿಲ್ಲ, ‘ಲಾ ಕ್ವೆಂತಾ’ ಎಂದು ಕೇಳಬೇಕು. ಅದರಲ್ಲಿ ‘ರೆಕಾರ್ಗೊ ಅಲ್ ಕೊನ್ಸೂಮೊ’ ಎಂಬ ಸೇವಾ ಶುಲ್ಕ ಸೇರಿದೆಯೇ ನೋಡಿ ಟಿಪ್ಸ್ ಕೊಡಿ. 100 ಸೋಲ್ ನೋಟಿಗೆ ಸಣ್ಣ ಹೋಟೆಲಿನಲ್ಲಿ ಚಿಲ್ಲರೆ ಸಿಗುವುದು ಕಷ್ಟ, 10-20ರ ನೋಟು ಇಟ್ಟುಕೊಂಡಿರಿ.