ಪೇಟೆಂಟ್ ಕಡಿಮೆ ಅಂದ್ರೆ ಹೊಸತನವೂ ಕಡಿಮೆಯೇ?

‘ದಾವಣಗೆರೆ ಜಿಲ್ಲೆಯಿಂದ ಪೇಟೆಂಟ್ ಅರ್ಜಿ ಕಡಿಮೆ, ಹಾಗಾಗಿ ಇಲ್ಲಿ ಆವಿಷ್ಕಾರವೂ ಕಡಿಮೆ ಅಂತ ಪ್ರಾಜೆಕ್ಟ್ ರಿಪೋರ್ಟಲ್ಲಿ ಬರೀಬಹುದಾ’ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಬರೀಬೇಡಿ.

ಚನ್ನಗಿರಿ ಕಡೆ ಅಡಿಕೆ ಸುಲಿಯೋ ಯಂತ್ರ ಕಾಯಿ ಸೀಳ್ತಿದೆ ಅಂದ್ರೆ, ವರ್ಕ್‌ಶಾಪಿನ ಮೇಸ್ತ್ರಿ ಬ್ಲೇಡಿನ ಸಂದು ಬದಲಿಸಿ, ಸ್ಪ್ರಿಂಗ್ ಹಾಕಿ, ಅಲ್ಲೇ ಒಂದು ಬುಟ್ಟಿ ಹಸಿ ಅಡಿಕೆ ಸುರಿದು ನೋಡ್ತಾರೆ. ಸರಿಹೋದ್ರೆ ಪಕ್ಕದೂರಿನ ಯಂತ್ರಕ್ಕೂ ಅದೇ ಮಾರ್ಪಾಡು. ನನ್ನ ಪ್ರಕಾರ ಅದೂ ಆವಿಷ್ಕಾರವೇ. ಇಂಥ ಸಣ್ಣ ಸುಧಾರಣೆಗೆ ಜರ್ಮನಿ, ಚೀನಾದಲ್ಲಿ ‘ಯುಟಿಲಿಟಿ ಮಾಡೆಲ್’ ಅನ್ನೋ ಸರಳ ನೋಂದಣಿ ಇದೆ, ನಮ್ಮಲ್ಲಿಲ್ಲ. ಬೇಸಾಯದ ವಿಧಾನಕ್ಕಂತೂ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಪೇಟೆಂಟೇ ಸಿಗಲ್ಲ.

ವಿಳಾಸದ ತೊಡಕು ಬೇರೆ. ಚಳ್ಳಕೆರೆ ಹತ್ತಿರ ಇರೋ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಾದ ಐಐಎಸ್‌ಸಿ ಕ್ಯಾಂಪಸ್ಸಲ್ಲಿ ಕೆಲಸ ನಡೆದ್ರೂ ಅರ್ಜಿಯಲ್ಲಿ ಬೆಂಗಳೂರಿನ ವಿಳಾಸ ಇದ್ರೆ ಲೆಕ್ಕ ಚಿತ್ರದುರ್ಗಕ್ಕೆ ಬರಲ್ಲ.

ಸಂಖ್ಯೆ ಜಾಸ್ತಿ ಇದ್ರೂ ಹುಷಾರು. ಅರ್ಜಿ ಹಾಕಿ 18 ತಿಂಗಳಾದ್ರೆ, ಪೇಟೆಂಟ್ ಕಚೇರಿ ಅದನ್ನು ಇನ್ನೂ ಪರೀಕ್ಷಿಸದಿದ್ರೂ ಪ್ರಕಟವಾಗುತ್ತೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ 80 ರಿಯಾಯಿತಿ ಇದೆ, ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಕೊಡೋ ಎನ್‌ಐಆರ್‌ಎಫ್ ರ‍್ಯಾಂಕಿಂಗಲ್ಲಿ ಬರೀ ಪ್ರಕಟವಾದ ಅರ್ಜಿಯೂ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಕಾಲೇಜುಗಳ ಅರ್ಜಿ ಏರೋದು ಸಹಜ.

ನೀವು ಮಂಜೂರಾದವನ್ನು ಬೇರೆ ಎಣಿಸಿ, ಆವಿಷ್ಕಾರಕರ ವಿಳಾಸ ನೋಡಿ, ಪೇಟೆಂಟ್ ಉಳಿಸಿಕೊಳ್ಳೋಕೆ ನವೀಕರಣ ಶುಲ್ಕ ಕಟ್ಟುತ್ತಿದ್ದಾರಾ ಅಂತ ಪರಿಶೀಲಿಸಿ. ಜೊತೆಗೆ ನಾಲ್ಕಾರು ವರ್ಕ್‌ಶಾಪ್, ಮಂಡಕ್ಕಿ ಭಟ್ಟಿಗಳಿಗೆ ಹೋಗಿ, ಈಚೆಗೆ ಏನು ಬದಲಿಸಿದ್ರಿ, ಯಾಕೆ ಅಂತ ಕೇಳಿ ಬರ್ಕೊಳ್ಳಿ.