80,000 ಕಿ.ಮೀ. ಓಡಿದ ಡೀಸೆಲ್ ಕಾರು ತಗೊಂಡಿದ್ದೇನೆ. 3 ಲಕ್ಷ ದಾಟಿಸಬೇಕಂದ್ರೆ ಹೇಗೆ ನೋಡಿಕೊಳ್ಳಬೇಕು?

2016ರ ಕಾರು, ಸೆಕೆಂಡ್ ಹ್ಯಾಂಡ್, ಇಂಜಿನ್ ಬಿಚ್ಚಿಸದೆ 3 ಲಕ್ಷ ದಾಟಬೇಕು ಅಂತ ಕೇಳಿದ್ದೀರಿ. ಖಂಡಿತ ದಾಟುತ್ತದೆ. ನನ್ನದು 2013ರ ಡೀಸೆಲ್ ಕಾರು. ಸಕಲೇಶಪುರದಿಂದ ಮಂಗಳೂರಿಗೆ ವಾರಕ್ಕೆ ಒಂದೆರಡು ಸಲ ಶಿರಾಡಿ ಘಾಟಿ ಇಳಿದು ಹತ್ತುತ್ತದೆ. 2,70,000 ಆಯ್ತು, ಇನ್ನೂ ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಿಲ್ಲ.

ನಾನು ಕಂಡ ಹಾಗೆ ಡೀಸೆಲ್ ಇಂಜಿನ್ ಹೆಚ್ಚು ಪೆಟ್ಟು ತಿನ್ನುವುದು ಎರಡು ಹೊತ್ತಿನಲ್ಲಿ. ಸ್ಟಾರ್ಟ್ ಆದ ಕೂಡಲೇ, ಮತ್ತೆ ಆಫ್ ಮಾಡುವಾಗ.

ಆಫ್ ಮಾಡುವುದನ್ನೇ ಮೊದಲು ಹೇಳುತ್ತೇನೆ, ಯಾಕಂದ್ರೆ ಅದನ್ನು ಯಾರೂ ಗಮನಿಸುವುದಿಲ್ಲ. ನಮ್ಮ ಮಾವನ ಹತ್ತಿರ ಒಂದು ಪಿಕಪ್ ಇತ್ತು. ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಘಾಟಿಯ ಬುಡದ ಗುಂಡ್ಯದಿಂದ ಮೇಲೆ ಎರಡನೇ ಗೇರು, ಮೂರನೇ ಗೇರಲ್ಲೇ ಹತ್ತಿಸುತ್ತಿದ್ದರು. ಘಾಟಿ ಹತ್ತಿದ ಮೇಲೆ ಸಿಗುವ ದೋಣಿಗಾಲ್ ಹತ್ತಿರ ಚಹಾದ ಅಂಗಡಿ ಮುಂದೆ ನಿಲ್ಲಿಸಿ ತಕ್ಷಣ ಕೀ ತಿರುಗಿಸಿ ಇಳಿದುಬಿಡೋರು. ವರ್ಷಗಟ್ಟಲೆ ಹಾಗೇ ನಡೀತು. ಒಂದು ಮಳೆಗಾಲದಲ್ಲಿ ಸೈಲೆನ್ಸರಿನಲ್ಲಿ ನೀಲಿ ಹೊಗೆ ಶುರುವಾಯ್ತು. ಆಯಿಲ್ ಕಡಿಮೆ ಆಗತೊಡಗಿತು. ಗ್ಯಾರೇಜಿನಲ್ಲಿ ಮೇಸ್ತ್ರಿ ಪೈಪ್ ಬಿಚ್ಚಿ, ಟರ್ಬೊದ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಫ್ಯಾನನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಸಡಿಲವಾದ ಹಲ್ಲಿನ ಹಾಗೆ ಆಡುತ್ತಿತ್ತು. ಟರ್ಬೊಗೆ ಆಯಿಲ್ ಹೋಗುವ ಸಣ್ಣ ಪೈಪನ್ನು ಬಗ್ಗಿಸಿ ತೋರಿಸಿದರು. ಒಳಗೆಲ್ಲ ತಳ ಹಿಡಿದ ಪಾತ್ರೆಯ ಹಾಗೆ ಕರಿ ಗಟ್ಟಿಯಾಗಿ ಕೂತಿತ್ತು.

ಆಗುವುದೇನಂದ್ರೆ, ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹಿಡಿದಿಡುವುದು ತೆಳ್ಳಗಿನ ಆಯಿಲ್ ಪದರ. ಘಾಟಿ ಹತ್ತಿ ಬಂದಾಗ ಅದು ಕೆಂಡದಂತೆ ಕಾದಿರುತ್ತದೆ. ಕೀ ತಿರುಗಿಸಿದ ಕ್ಷಣ ಆಯಿಲ್ ಪಂಪ್ ನಿಂತಿತು. ಅಲ್ಲೇ ನಿಂತ ಆಯಿಲ್ ಸುಟ್ಟು ಮಸಿಯಾಗುತ್ತದೆ. ಹಾಗಾಗಿ ಘಾಟಿ ಹತ್ತಿದ ಮೇಲೆ ಅಥವಾ ಹೈವೇಯಲ್ಲಿ ಜೋರಾಗಿ ಓಡಿಸಿದ ಮೇಲೆ ಒಂದೆರಡು ನಿಮಿಷ ರೇಸ್ ಕೊಡದೆ ಸುಮ್ನೆ ಐಡಲ್‌ನಲ್ಲಿ ಬಿಡಿ. ಊರೊಳಗೆ ಕೊನೆಯ ಒಂದು ಕಿಲೋಮೀಟರ್ ಮೆಲ್ಲಗೆ ಬಂದಿದ್ದರೆ ಕಾಯುವುದೂ ಬೇಕಿಲ್ಲ.

ಬೆಳಿಗ್ಗೆ ಕೀ ಆನ್ ಮಾಡಿದಾಗ ಸುರುಳಿ ಆಕಾರದ ಹೀಟರ್ ಲೈಟ್ ಬರುತ್ತೆ ಅಲ್ವಾ, ಅದು ಆರಿದ ಮೇಲೆ ಸ್ಟಾರ್ಟ್ ಮಾಡಿ. ಅರ್ಧ ನಿಮಿಷ ಬಿಟ್ಟು ಹೊರಡಿ. ನಿಂತಲ್ಲೇ ಹತ್ತು ನಿಮಿಷ ಬಿಸಿ ಮಾಡುವ ಅಭ್ಯಾಸ ಬೇಡ, ಡೀಸೆಲ್ ಇಂಜಿನ್ ಐಡಲ್‌ನಲ್ಲಿ ಬೇಗ ಬಿಸಿಯಾಗುವುದಿಲ್ಲ, ಮಸಿ ಮಾತ್ರ ಕೂರುತ್ತದೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರುವ ತನಕ ರೇಸ್ ಕೊಡದೆ ಓಡಿಸಿದರಾಯ್ತು.

ಗೇರಿನ ವಿಷಯ. ಮೈಲೇಜ್ ಆಸೆಗೆ ಏರಿನಲ್ಲೂ 40ರ ವೇಗದಲ್ಲಿ ಐದನೇ ಗೇರು ಹಾಕಿ ಇಂಜಿನ್ ಗುಡುಗುಡು ಅನ್ನುವ ಹಾಗೆ ಎಳೆಸಬೇಡಿ. ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಅಂತೂ ಬೇಡವೇ ಬೇಡ. ಗೇರಲ್ಲಿದ್ದು ಎಕ್ಸಲೇಟರ್ ಬಿಟ್ಟರೆ ಈಗಿನ ಇಂಜಿನ್ ಡೀಸೆಲ್ಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್ ಆಗಲು ಕುಡಿಯುತ್ತಲೇ ಇರುತ್ತದೆ. ಬ್ರೇಕ್ ಬಿಸಿಯಾಗುವುದು ಬೇರೆ.

ಇನ್ನು ಡೀಸೆಲ್ ಫಿಲ್ಟರ್. ಇಲ್ಲಿ ಜಿಪುಣತನ ಮಾಡಲೇಬೇಡಿ. ಟೈರಿನೊಳಗಿನ ಗಾಳಿಯ ಒತ್ತಡ 2 ಬಾರ್ ಚಿಲ್ಲರೆ. ಈಗಿನ ಕಾಮನ್ ರೈಲ್ ಇಂಜಿನ್ನಿನ ಇಂಜೆಕ್ಟರಿಗೆ (ಡೀಸೆಲ್ ಸಿಂಪಡಿಸುವ ಸಣ್ಣ ನಳಿಕೆ) ಡೀಸೆಲ್ ಹೋಗುವುದು 1,600 ಬಾರ್ ಆಸುಪಾಸಿನಲ್ಲಿ. ಅಷ್ಟು ನಾಜೂಕಿನ ಜಾಗಕ್ಕೆ ಒಂದು ಹನಿ ನೀರು, ಚಿಟಿಕೆ ಕಸ ಹೋದರೂ ತೊಂದರೆ. ನಾನು 20,000ಕ್ಕೊಮ್ಮೆ ಫಿಲ್ಟರ್ ಬದಲಿಸುತ್ತೇನೆ. ಮಳೆಗಾಲದಲ್ಲಿ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ ನೋಡುತ್ತೇವೆ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಸುವುದೂ ಇಲ್ಲ.

ಇಂಜಿನ್ ಆಯಿಲ್ ಹಾಕಿಸಿದ ಕೆಲವೇ ದಿನಕ್ಕೆ ಕಪ್ಪಾಯ್ತು ಅಂತ ಗಾಬರಿ ಬೇಡ, ಡೀಸೆಲ್‌ನಲ್ಲಿ ಅದು ಸಹಜ. 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸಿ. ಗಮನಿಸಬೇಕಾದ್ದು ಮಟ್ಟ. ಸಮ ಜಾಗದಲ್ಲಿ ನಿಲ್ಲಿಸಿ ತಿಂಗಳಿಗೆರಡು ಸಲ ಡಿಪ್‌ಸ್ಟಿಕ್ ಎಳೆದು ನೋಡಿ. ಕಡಿಮೆಯಾದರೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ತೊಂದರೆಯೇ, ಡೀಸೆಲ್ಲೋ ಕೂಲೆಂಟೋ (ಇಂಜಿನ್ ತಂಪಿಡುವ ದ್ರವ) ಆಯಿಲಿಗೆ ಸೇರುತ್ತಿದೆ ಅಂತ ಅರ್ಥ. ಕೂಲೆಂಟ್ ಕಡಿಮೆಯಾಯ್ತು ಅಂತ ಬೋರ್‌ವೆಲ್ ನೀರು ಸುರಿಯಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ.

ಏಪ್ರಿಲ್ 2020ರ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮದ) ಡೀಸೆಲ್ ಕಾರು ಇದ್ದವರೂ ಇದನ್ನು ಓದುತ್ತಿರಬಹುದು. ಅದರಲ್ಲಿ ಮಸಿ ಹಿಡಿಯುವ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ದಿನಾ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಇಪ್ಪತ್ತು ನಿಮಿಷ ಹೈವೇಯಲ್ಲಿ ಒಂದೇ ಸಮ ಓಡಿಸಿ.

ನಿಮ್ಮ ಕಾರನ್ನು ಹಿಂದಿನವರು ಹೇಗೆ ಇಟ್ಟಿದ್ದರೋ ಗೊತ್ತಿಲ್ಲವಲ್ಲ, ಅದಕ್ಕೆ ಈ ವಾರವೇ ಆಯಿಲ್, ಮೂರೂ ಫಿಲ್ಟರ್ (ಆಯಿಲ್, ಏರ್, ಡೀಸೆಲ್), ಕೂಲೆಂಟ್ ಬದಲಿಸಿಬಿಡಿ. ಟೈಮಿಂಗ್‌ಗೆ (ಅಂದ್ರೆ ಪಿಸ್ಟನ್, ವಾಲ್ವ್ ಒಂದೇ ಲಯದಲ್ಲಿ ಓಡಿಸಲು) ಚೈನ್ ಇದೆಯೋ ಬೆಲ್ಟ್ ಇದೆಯೋ ಕೇಳಿ. ಬೆಲ್ಟ್ ಆಗಿದ್ದು, ಬದಲಿಸಿದ ಬಿಲ್ ಇಲ್ಲದಿದ್ದರೆ ಅದನ್ನೂ ಹೊಸದು ಹಾಕಿಸಿ. ಓಡುವಾಗ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ತಾರೀಕು, ಕಿ.ಮೀ. ಬರೆದ ಚೀಟಿಯೊಂದನ್ನು ಬಾನೆಟ್ ಒಳಗೆ ಅಂಟಿಸಿಡಿ. ಕಾರಿನ ಮಾಡೆಲ್ ಯಾವುದು ಅಂತ ಕೆಳಗೆ ಬರೆದರೆ ಯಾವ ಗ್ರೇಡಿನ ಆಯಿಲ್ ಅಂತ ಮ್ಯಾನುಯಲ್ ನೋಡಿ ಹೇಳುತ್ತೇನೆ.